ಕೊನೆಯವನು ಬರುವ ತನಕ ಬಾರಿಸುವ ಓರೆದೋಲಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫ್ರೀಟೌನಿನ ಸರ್ಕಲರ್ ರೋಡಿನಲ್ಲಿ ಮೊದಲ ಪೋಡಾ-ಪೋಡಾ ವ್ಯಾನಿನವನು ಗಂಟಲು ಹರಿದುಕೊಂಡು ಜನರನ್ನು ಕರೆಯುತ್ತಿದ್ದಾನೆ. ಓರೆದೋಲಾ ವಿಲೋಬಿ ಆಗಲೇ ಸಭಾಂಗಣದ ಹಿಂಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಪಿಯಾನೊದ ಮುಚ್ಚಳ ಎತ್ತಿದ್ದಾರೆ. ರಾತ್ರಿಯೆಲ್ಲ ಕರೆಂಟಿರಲಿಲ್ಲ. ಥಂಡಿ ಹಿಡಿಯದಿರಲೆಂದು ಪಿಯಾನೊದೊಳಗೆ ಇಟ್ಟಿರುವ ಬಲ್ಬು ಆರಿಹೋಗಿ, ಎಡಗಡೆಯ ನಾಲ್ಕೈದು ಸ್ವರದ ಮನೆಗಳು ಒತ್ತಿದರೆ ಒತ್ತಿದಲ್ಲೇ ಕೂರುತ್ತಿವೆ. "ಏಳಪ್ಪ, ಏಳು. ನಿಂಗೂ ನನ್ನ ಮೊಣಕಾಲಿನ ಕಾಯಿಲೇನೇ ಬಂದಿದೆ," ಎನ್ನುತ್ತಾ ಒಂದೊಂದನ್ನೇ ಹೆಬ್ಬೆರಳಲ್ಲಿ ತಿಕ್ಕಿ, ಟಾಲ್ಕಂ ಪೌಡರ್ ಉದುರಿಸಿ, ಮತ್ತೆ ಒತ್ತುತ್ತಾರೆ. ಮನೆಗಳು ಒಲ್ಲದ ಮನಸ್ಸಿನಿಂದ ಮೇಲೇಳುತ್ತವೆ.

ಆಮೇಲೆ ಅವರು ತಲೆಗೆ ಸುತ್ತಿದ ಬಟ್ಟೆಯೊಳಗೆ ಇಯರ್‌ಫೋನ್ ತೂರಿಸಿಕೊಂಡು ಕಣ್ಣು ಮುಚ್ಚುತ್ತಾರೆ. ಕಿವಿಯಲ್ಲಿ ಬಾರಿಸುತ್ತಿರುವುದು ಕಾಸ್ಪರ್ ವೆರ್ಹಾಗನ್, ಆಮ್‌ಸ್ಟರ್‌ಡ್ಯಾಮಿನ ದೊಡ್ಡ ಪಿಯಾನೊ ವಾದಕ. ಡಿಸೆಂಬರಿನ ಕಛೇರಿಗೆ ನಮ್ಮ ಅತಿಥಿ. ಓರೆದೋಲಾ ಒಂದಷ್ಟು ಕೇಳುತ್ತಾರೆ, ಅಷ್ಟನ್ನು ಬಾರಿಸುತ್ತಾರೆ, ಮತ್ತೆ ಕೇಳುತ್ತಾರೆ. "ಅಯ್ಯೋ, ಎಷ್ಟು ನಿಧಾನ ಮಾರಾಯ! ಇವನು ಊಟ ಮಾಡೋದೂ ಹೀಗೇನಾ?" ಬೈಯುತ್ತಾರೆ, ಆದರೆ ಅವನಷ್ಟೇ ನಿಧಾನವಾಗಿ ಬಾರಿಸುತ್ತಾರೆ. ಪುರವಣಿಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ, "ಈಗ ಕೂತಿರೋದು ನಾನಲ್ಲ, ಅವನು. ನನ್ನನ್ನ ನೋಡಬೇಕಾದ್ರೆ ಇನ್ನೊಂದು ದಿನ ಬನ್ನಿ," ಎನ್ನುತ್ತಾರೆ. ಆ ಇನ್ನೊಂದು ದಿನ ಇಪ್ಪತ್ತು ವರ್ಷದಿಂದ ಬಂದಿಲ್ಲ. ಈ ವಾರ ಬರದಿದ್ದರೆ ಮುಂದೆ ಬರುವುದೂ ಇಲ್ಲ. ಬರುವ ಸೋಮವಾರದಿಂದ ಈ ಕುರ್ಚಿ ಅವರದಲ್ಲ.

ನಮ್ಮ ರಾಷ್ಟ್ರೀಯ ಸಿಂಫನಿ ವಾದ್ಯವೃಂದದ ಕಛೇರಿಗೆ ನೀವೂ ಹೋಗಿರುತ್ತೀರಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಮುಂದಿನ ಸಾಲಿಗಾಗಿ ಜಗಳವಾಡಿರುತ್ತೀರಿ. ಹೊರದೇಶದ ಪಿಯಾನೊಗಾರ ಬಂದು ಕೂತ ಕೂಡಲೇ ಹಿಂದಿನ ನಲವತ್ತು ಜನ ಅವನ ಜೊತೆ ಹುಟ್ಟಿ ಬೆಳೆದವರಂತೆ ಬಾರಿಸುವುದನ್ನು ಕಂಡು, "ಅಬ್ಬ, ಎಂಥ ಹೊಂದಾಣಿಕೆ!" ಎಂದಿರುತ್ತೀರಿ. ಅವನು ಬಂದಿಳಿದು ಎರಡೇ ದಿನ ಆಗಿರುತ್ತದೆ ಸ್ವಾಮಿ. ಅದಕ್ಕೆ ಮುಂಚಿನ ಆರು ವಾರ ಅವನ ಜಾಗದಲ್ಲಿ ಕೂತು, ಅವನ ಹಾಗೆಯೇ ನಿಧಾನಿಸಿ, ಅವನ ಹಾಗೆಯೇ ಆತುರಪಟ್ಟು, ಅವನು ಉಸಿರು ಎಳೆದುಕೊಳ್ಳುವಲ್ಲಿ ತಾವೂ ಎಳೆದುಕೊಂಡು ಆ ನಲವತ್ತು ಜನರನ್ನು ಪಳಗಿಸಿದವರು ಓರೆದೋಲಾ. ಅತಿಥಿ ಬಂದ ಬೆಳಿಗ್ಗೆ ಅವರು ಎದ್ದು, ಆಸನವನ್ನು ಸೆರಗಿನಂತೆ ಇಳಿಬಿದ್ದ ತಮ್ಮ ಬಟ್ಟೆಯ ತುದಿಯಲ್ಲಿ ಒರೆಸಿ ಜಾಗ ಬಿಡುತ್ತಾರೆ. ಕಛೇರಿಯ ದಿನ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ.

ನನಗೆ ಹೊಟ್ಟೆ ಉರಿಯುವುದು ಬೇರೆ ಸಂಗತಿಗೆ. ಅಭ್ಯಾಸವೆಂದರೆ ನಿಲ್ಲಿಸುವುದು. ನಾಲ್ಕು ಸಾಲು ಬಾರಿಸಿದರೆ ವಾದ್ಯವೃಂದ ನಡೆಸುವ ನಿರ್ದೇಶಕ ತನ್ನ ಕೋಲು ಕುಟ್ಟುತ್ತಾನೆ, "ಮತ್ತೆ ಮೊದಲಿಂದ" ಎನ್ನುತ್ತಾನೆ. ಕೃತಿಯನ್ನು ತಡೆಯಿಲ್ಲದೆ ಪೂರ್ತಿ ಬಾರಿಸುವುದು ಅತಿಥಿ ಬಂದ ಮೇಲಿನ ಕೊನೆಯ ಅಭ್ಯಾಸದಲ್ಲಿ, ಆಮೇಲೆ ಕಛೇರಿಯಲ್ಲಿ. ಹಾಗಾಗಿ ಈ ದೇಶದಲ್ಲಿ ಕನ್ಚರ್ಟೊಗಳನ್ನು, ಅಂದರೆ ಪಿಯಾನೊ ಮುಂದಿದ್ದು ವಾದ್ಯವೃಂದ ಜೊತೆಗೂಡುವ ಕೃತಿಗಳನ್ನು, ಅತಿ ಹೆಚ್ಚು ಬಾರಿಸಿದ ಈ ಹೆಂಗಸು ಒಂದನ್ನಾದರೂ ಮೊದಲಿಂದ ಕೊನೆಯವರೆಗೆ ಬಾರಿಸಿಲ್ಲ. "ಒಂದೇ ಒಂದ್ಸಲ, ಯಾರೂ ನಿಲ್ಲಿಸದ ಹಾಗೆ, ನನ್ನ ಹಾಗೇ ಬಾರಿಸಬೇಕು ಅಂತ ಆಸೆ," ಎಂದು ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಂಡು ಮತ್ತೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ.

ಇದೇ ಊರಿನ ಕಾಂಗೊ ಟೌನ್ ಬಡಾವಣೆಯ ಹಲಗೆ ಮನೆಯಲ್ಲಿ ಹುಟ್ಟಿದವರು ಅವರು. ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಮನೆಯಲ್ಲೊಂದು ಹಳೆಯ ಪಿಯಾನೊ ಇತ್ತು. ಅಂತರ್ಯುದ್ಧ ಊರೊಳಗೆ ಬಂದ ಜನವರಿಯಲ್ಲಿ ಬಾಗಿಲಿಗೆ ಅಡ್ಡ ಇಡಲು ಆ ಮನೆಯಲ್ಲಿದ್ದ ಭಾರದ ಸಾಮಾನು ಅದೊಂದೇ. ಬಾಗಿಲು ಉಳಿಯಿತು, ಒಳಗಿದ್ದವರೂ ಉಳಿದರು, ಪಿಯಾನೊ ಉಳಿಯಲಿಲ್ಲ. "ಅಮ್ಮ ಅದಕ್ಕೆ ಸತ್ತವರಿಗೆ ಮಾಡೋ ಹಾಗೆ ನಲವತ್ತನೇ ದಿನದ ಊಟ ಹಾಕಿಸಿದ್ಳು. ನೆರೆಹೊರೆಯವರು ನಕ್ಕರು, ಆದ್ರೆ ಬಂದು ಉಂಡು ಹೋದ್ರು," ಎಂದು ನಗುತ್ತಾರೆ ಓರೆದೋಲಾ. ಅಂದಿನಿಂದ ಅವರ ಮನೆಯಲ್ಲಿ ಪಿಯಾನೊ ಇಲ್ಲ. ಸಭಾಂಗಣದ ಈ ಮುದಿ ಪಿಯಾನೊವೇ ಗತಿ. ಆ ಕುರ್ಚಿ ಹೋದರೆ ಸಂಗೀತವೇ ಹೋದ ಹಾಗೆ.

ಒಮ್ಮೆ ಕೂಡ ಅವಕಾಶ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಮೂರು ವರ್ಷದ ಹಿಂದೆ ಅತಿಥಿಯೊಬ್ಬರ ವಿಮಾನ ತಪ್ಪಿತು. ಟಿಕೆಟ್ಟು ಖಾಲಿಯಾಗಿತ್ತು, ವಾದ್ಯವೃಂದ ಸಜ್ಜಾಗಿತ್ತು, ಓರೆದೋಲಾ ತಮ್ಮ ಕಬಸ್ಲಾಟ್ ಗೌನು ಇಸ್ತ್ರಿ ಮಾಡಿಕೊಂಡು ಬಂದೇಬಿಟ್ಟಿದ್ದರು. ಮೇಲಿನವರು ಕಛೇರಿ ರದ್ದು ಮಾಡಿ ಪೊಲೀಸ್ ಬ್ಯಾಂಡು ಕರೆಸಿದರು! ಆರು ವಾರ ಆ ಕೃತಿಯನ್ನೇ ಉಂಡು ಉಟ್ಟ ಹೆಂಗಸು ಎದುರಿಗೇ ನಿಂತಿದ್ದರೂ ಪೊಲೀಸ್ ಬ್ಯಾಂಡು ಕರೆಸುವ ತಲೆಗಳಿಗೆ ಏನನ್ನೋಣ? ಹೊರಗಿನಿಂದ ಬಂದವನಾದರೆ ಕೆಮ್ಮಿದರೂ ಸಂಗೀತ, ನಮ್ಮವಳಾದರೆ ಸಂಗೀತವೂ ಬರೀ ಅಭ್ಯಾಸ.

ಇನ್ನು ಈ ಕುರ್ಚಿಗೆ ಕುತ್ತು ತಂದ ಏಪ್ರಿಲಿನ ಕತೆ. ಅದು ಅರ್ಥವಾಗಬೇಕಾದರೆ ಈ ವಾದ್ಯವೃಂದದ ಒಂದು ಪದ್ಧತಿ ತಿಳಿದಿರಬೇಕು. ಇಂಥ ಕೃತಿಗಳಲ್ಲಿ ಒಂದು ಕಡೆ ಇಡೀ ವಾದ್ಯವೃಂದ ಸುಮ್ಮನಾಗುತ್ತದೆ, ಪಿಯಾನೊ ಒಂದೇ ಮನಸೋ ಇಚ್ಛೆ ಹರಿದಾಡುತ್ತದೆ. ಕೊನೆಗೆ ಎರಡು ಸ್ವರಗಳನ್ನು ಬಿಡದೆ ನಡುಗಿಸುತ್ತಾ 'ಇಗೋ, ಬನ್ನಿ' ಎಂದು ಉಳಿದವರನ್ನು ಕರೆಯುತ್ತದೆ. ಬೇರೆ ದೇಶಗಳಲ್ಲಿ ಅದಕ್ಕೆ ಏನೇನೋ ಹೆಸರಿದೆ. ನಮ್ಮವರು ಅದನ್ನು 'ನಮಾಜಿನ ಜಾಗ' ಎನ್ನುತ್ತಾರೆ.

ಹಿಂದೆ ಯಾರೋ ಅತಿಥಿ ನಿರ್ದೇಶಕನೊಬ್ಬ ಅಭ್ಯಾಸದ ಮಧ್ಯೆ ಜನ ಎದ್ದು ಹೋಗುತ್ತಾರೆಂದು ದೂರು ಕೊಟ್ಟನಂತೆ. ಆಡಳಿತದವರು ಹಿಂದೆ ಮುಂದೆ ನೋಡದೆ ಸಂಜೆಮುಂಚಿನ ನಮಾಜಿಗೆ ಬಿಡುವಿಲ್ಲ ಎಂದುಬಿಟ್ಟರು. ವಾದ್ಯವೃಂದದಲ್ಲಿ ಅರ್ಧಕ್ಕರ್ಧ ಜನ ನಮಾಜು ಮಾಡುವವರು, ಮಸೀದಿ ಗೋಡೆಯಾಚೆಗೇ ಇದೆ. ಎಲ್ಲರಿಗಿಂತ ಹಿರಿಯರು ದೊಡ್ಡ ಬಾಸ್ ಪಿಟೀಲಿನ ಫೊದೇ ಕಾನು, ಎಲ್ಲರೂ ಗೌರವದಿಂದ ಪಾ ಫೊದೇ ಎನ್ನುವವರು. ಆಜಾನ್ ಕೇಳಿಸಿದಾಗ ಅವರು ಓರೆದೋಲಾ ಕಡೆ ಬಗ್ಗಿ, "ತಂಗೀ, ನಿನ್ನ ಒಂಟಿ ಜಾಗ ಬಂತು. ಸ್ವಲ್ಪ ಎಳೀತೀಯಾ?" ಎಂದರಂತೆ. ಓರೆದೋಲಾ ಎಳೆದರು. ಹತ್ತು ಹದಿನೈದು ಜನ ಮೆಲ್ಲಗೆ ಎದ್ದು ಹೋಗಿ, ನಮಾಜು ಮುಗಿಸಿ, ಮೆಲ್ಲಗೆ ಬಂದು ಕೂತರು. ಅಲ್ಲಿವರೆಗೂ ಪಿಯಾನೊ ನಿಲ್ಲಲಿಲ್ಲ.

ಅಂದಿನಿಂದ ಅದೇ ಪದ್ಧತಿ. ಆಜಾನಿನ ಹೊತ್ತಿಗೆ ಸರಿಯಾಗಿ ಆ ಜಾಗ ಬರುವಂತೆ ನೋಡಿಕೊಳ್ಳುತ್ತಾರೆ. ತಡವಾಗುತ್ತಿದ್ದರೆ ಜೋರಾಗಿ ಓಡಿಸುತ್ತಾರೆ, ಬೇಗ ಬಂದುಬಿಟ್ಟರೆ ಪಿಟೀಲಿನ ಯೂನಿಸ್ ಮಕಾಲಿ ತಂತಿ ಸಡಿಲವಾಯಿತೆಂದು ನಾಟಕ ಆಡುತ್ತಾಳೆ. "ನಾನು ಭಾನುವಾರ ತಪ್ಪದೆ ಚರ್ಚಿಗೆ ಹೋಗೋಳು. ಆದ್ರೂ ಇವರ ನಮಾಜಿಗೋಸ್ಕರ ಹೇಳಿರೋ ಸುಳ್ಳು ಎಷ್ಟು ಅಂತ ದೇವರಿಗೇ ಗೊತ್ತು!" ಎನ್ನುತ್ತಾಳೆ ಯೂನಿಸ್. ಪಾ ಫೊದೇಗೆ ಮಂಡಿ ನೋವು, ಬರುವುದು ಯಾವಾಗಲೂ ಕೊನೆಗೆ. ಅವರು ಬಂದು, ಆ ಆಳೆತ್ತರದ ವಾದ್ಯವನ್ನು ಎತ್ತಿ ನಿಲ್ಲಿಸಿ, ಕಮಾನು ಎತ್ತಿದರೆ ಎಲ್ಲರೂ ಬಂದರೆಂದು ಅರ್ಥ. ಓರೆದೋಲಾ ಆಗ ಗಲ್ಲ ಎತ್ತುತ್ತಾರೆ, ನಲವತ್ತು ಜನ ಒಟ್ಟಿಗೆ ಧುಮುಕುತ್ತಾರೆ. ನಿರ್ದೇಶಕನ ಕೋಲನ್ನು ಆ ಹೊತ್ತಿನಲ್ಲಿ ಯಾರೂ ನೋಡುವುದಿಲ್ಲ.

ಆ ಜಾಗದಲ್ಲಿ ಮಾತ್ರ ಓರೆದೋಲಾ ಯಾರನ್ನೂ ಅನುಕರಿಸುವುದಿಲ್ಲ. ಪುಸ್ತಕದಲ್ಲಿ ಬರೆದಿರುವುದು ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ, ಆಮೇಲೆ ಬರುವುದೆಲ್ಲ ಅವರದೇ. ಕೃತಿಯ ರಾಗವನ್ನೇ ಹಿಡಿದು ತಿರುವುತ್ತಾರೆ, ತಾಯಿಯ ಆರ್ಗನ್ನಿನ ನಾದ ಬೆರೆಸುತ್ತಾರೆ, ಮದುವೆ ಮೆರವಣಿಗೆಯ ಕುಣಿತವೊಂದನ್ನು ಎಡಗೈಯಲ್ಲಿ ಕಳ್ಳತನದಿಂದ ತರುತ್ತಾರೆ. ಉಳಿದ ವಾದಕರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಫ್ರೀಟೌನಿನ ಅತ್ಯುತ್ತಮ ಪಿಯಾನೊ ವಾದನ ನಡೆಯುವುದು ಅಲ್ಲಿ, ಅರ್ಧ ಖಾಲಿ ಕುರ್ಚಿಗಳ ಮುಂದೆ.

ಏಪ್ರಿಲಿನ ಸ್ವಾತಂತ್ರ್ಯೋತ್ಸವದ ಕಛೇರಿಗೂ ಬಂದಿದ್ದವನು ಇದೇ ವೆರ್ಹಾಗನ್, ಇದೇ ಕೃತಿ. ಒಂಟಿ ಜಾಗ ಬಾರಿಸಿದ, ಸ್ವರ ನಡುಗಿಸಿದ. ಉಳಿದ ಅತಿಥಿಗಳು, ಅಭ್ಯಾಸದಲ್ಲಿ ಇವನೂ, ಅಲ್ಲಿ ತಲೆ ಎತ್ತುತ್ತಿದ್ದರು; ಅಂದು ಇವನು ತಲೆ ಬಗ್ಗಿಸಿದ. ನಿರ್ದೇಶಕನ ಕೋಲು ಇಳಿಯಿತು. ಯಾರೂ ಬಾರಿಸಲಿಲ್ಲ! ಪಾ ಫೊದೇ ಕಮಾನು ಎತ್ತಲೆಂದು ಮೂವತ್ತೊಂಬತ್ತು ಜನ ಕಾಯುತ್ತಿದ್ದಾರೆ. ಪಾ ಫೊದೇ ಅಂದು ಎಲ್ಲಿಗೂ ಎದ್ದು ಹೋಗಿಲ್ಲ, ಹಾಗಾಗಿ ಎಲ್ಲಿಂದಲೂ ಬರಬೇಕಾಗಿಲ್ಲ. ಪಿಯಾನೊ ಕಡೆಯಿಂದ ಗಲ್ಲ ಏಳಲೆಂದು ಕಾಯುತ್ತಾ ಕೂತಿದ್ದಾರೆ. ಮಂತ್ರಿಗಳು, ರಾಯಭಾರಿಗಳು, ಟೀವಿಯವರು ಎಲ್ಲರ ಎದುರು ಮೌನ. ಆಮೇಲೆ ಕಾಲು ಭಾಗ ಜನ ಒಂದು ಕಡೆಯಿಂದ, ಉಳಿದವರು ಇನ್ನೊಂದು ಕಡೆಯಿಂದ ಎದ್ದುಬಿದ್ದು ಸೇರಿಕೊಂಡರು.

"ಕೊನೇ ಸಾಲಲ್ಲಿ ಕೂತಿದ್ದೆ. ಕೂತಲ್ಲೇ ಗಲ್ಲ ಎತ್ತಿಬಿಟ್ಟೆ ಕಣ್ರೀ," ಎನ್ನುತ್ತಾರೆ ಓರೆದೋಲಾ. "ಅಷ್ಟು ದೂರದಿಂದ ಯಾರಿಗೆ ಕಾಣತ್ತೆ?" ಮರುದಿನ ಪತ್ರಿಕೆಗಳು ನಮ್ಮವರಿಗೆ ತಾಳ ಎಣಿಸಲು ಬಾರದು ಎಂದು ಬರೆದವು. ವೆರ್ಹಾಗನ್ ಮಾತ್ರ, "ಅವರು ಯಾರನ್ನೋ ಕಾಯುತ್ತಿರುವ ಹಾಗಿತ್ತು," ಎಂದನಂತೆ. ಮಹಾರಾಯನಿಗೆ ಅಷ್ಟಾದರೂ ಕಿವಿ ಇತ್ತು.

ತಿಂಗಳುಗಟ್ಟಲೆ ವಿಚಾರಣೆ ನಡೆದು ನಮಾಜಿನ ಜಾಗದ ಗುಟ್ಟು ಹೊರಬಿತ್ತು. ಬಿಡುವು ಕೊಡದೆ ಜನರನ್ನು ಕಳ್ಳರಂತೆ ನಮಾಜಿಗೆ ಹೋಗುವ ಹಾಗೆ ಮಾಡಿದವರು ಯಾರು? ಅದನ್ನು ಕೇಳಿದವರಿಲ್ಲ. ತಪ್ಪೆಲ್ಲ ಓರೆದೋಲಾ ತಲೆಗೆ. "ಆಕೆ ವಾದ್ಯವೃಂದಕ್ಕೆ ಕೆಟ್ಟ ಚಾಳಿ ಕಲಿಸಿದ್ದಾರೆ. ಇನ್ಮೇಲೆ ಅತಿಥಿಗಳ ಪಿಯಾನೊ ಭಾಗದ ರೆಕಾರ್ಡಿಂಗ್ ತರಿಸ್ತೀವಿ, ಸ್ಪೀಕರ್‌ನಲ್ಲಿ ಹಾಕಿ ಅಭ್ಯಾಸ ಮಾಡ್ತೀವಿ. ಯಂತ್ರ ಯಾರಿಗೂ ಕಾಯಲ್ಲ ನೋಡಿ," ಎಂದು ಆಡಳಿತಾಧಿಕಾರಿ ನನಗೆ ಹೇಳಿದರು. ಹೇಳಿ, "ನನ್ನ ಹೆಸರು ಹಾಕಬೇಡಿ" ಎಂದರು. ಹಾಕುವುದಿಲ್ಲ. ಬೆಳಿಗ್ಗೆ ಎದ್ದು ಓದುವ ಪುರವಣಿಯಲ್ಲಿ ಅಂಥ ಹೆಸರು ಏಕೆ?

ಸೋಮವಾರದಿಂದ ಎಂದಿದ್ದ ಆ ಸ್ಪೀಕರು ನಾನು ಹೋದ ಗುರುವಾರವೇ ಬಂದುಬಿಡುತ್ತದೆ. ಮಧ್ಯಾಹ್ನ ಊಟ ಮುಗಿಸಿ, ಮರಗೆಣಸಿನ ಸೊಪ್ಪಿನ ಸಾರಿನ ಘಮ ಕೈಯಲ್ಲಿ ಇರುವಾಗಲೇ ಎಲ್ಲರೂ ಒಳಗೆ ಬಂದರೆ, ಪಿಯಾನೊ ಮುಚ್ಚಳದ ಮೇಲೆ ಕರಿ ಪೆಟ್ಟಿಗೆ ಕೂತಿದೆ. ಲಿಸ್ಬನ್ನಿನಿಂದ ಬಂದಿರುವ ಹೊಸ ಅತಿಥಿ ನಿರ್ದೇಶಕ ತೊಮಾಸ್ ಬ್ರಿಟೊ, ಪಾಪ, ಏನೂ ತಿಳಿಯದೆ ನಗುತ್ತಾ ನಿಂತಿದ್ದಾನೆ. ಆಡಳಿತಾಧಿಕಾರಿ ಓರೆದೋಲಾರಿಗೆ ಗೋಡೆ ಬದಿಯ ಕುರ್ಚಿ ತೋರಿಸಿ, "ಸುಮ್ನೆ ಕೇಳ್ಕೊಂಡಿರಿ ಆಂಟಿ, ವಿಶ್ರಾಂತಿ ತಗೊಳ್ಳಿ," ಎನ್ನುತ್ತಾರೆ. ಓರೆದೋಲಾ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಆ ಕೈಗಳು ಚೀಲದ ಮೇಲೆ ಬಾರಿಸುತ್ತಿರುವುದನ್ನು ನಾನು ನೋಡುತ್ತೇನೆ, ನೋಡಲಾಗದೆ ಕಿಟಕಿ ಕಡೆ ತಿರುಗುತ್ತೇನೆ.

ಪೆಟ್ಟಿಗೆ ಬಾರಿಸುತ್ತದೆ, ಚೆನ್ನಾಗಿಯೇ ಬಾರಿಸುತ್ತದೆ. ಬ್ರಿಟೊ ಅಲ್ಲಲ್ಲಿ ನಿಲ್ಲಿಸುತ್ತಾನೆ, ತಿದ್ದುತ್ತಾನೆ. ಒಂಟಿ ಜಾಗ ಬರುತ್ತದೆ, ಗೋಡೆಯಾಚೆ ಆಜಾನ್ ಏಳುತ್ತದೆ. ನಮಾಜಿನವರು ಎಂದಿನಂತೆ ಎದ್ದು ಮೆಲ್ಲಗೆ ಹೊರಡುತ್ತಾರೆ. ಬಾಗಿಲ ಬಳಿ ಅಡ್ಡ ನಿಂತ ಆಡಳಿತಾಧಿಕಾರಿ, "ಪೆಟ್ಟಿಗೆ ನಿಮಗೆ ಕಾಯಲ್ಲ, ಗೊತ್ತಿರಲಿ!" ಎನ್ನುತ್ತಾರೆ. ಪಾ ಫೊದೇ ಅವರ ಮುಖವನ್ನೇ ನೋಡಿ, "ಗೊತ್ತು ಮಗನೇ. ಅದಕ್ಕೇ ನಾವು ಅದರ ಜೊತೆ ಬಾರಿಸಲ್ಲ," ಎಂದು ಮಂಡಿ ಹಿಡಿದುಕೊಂಡು ಹೊರಟುಹೋಗುತ್ತಾರೆ.

ಆಗ ಯೂನಿಸ್ ಪಿಟೀಲನ್ನು ಕುರ್ಚಿಯ ಮೇಲಿಟ್ಟು ಎದ್ದಳು. ಬ್ರಿಟೊ, "ನೀವೂ ಮುಸ್ಲಿಮರಾ?" ಎಂದ. "ಅಲ್ಲ. ನನಗೂ ಸ್ವಲ್ಪ ದೇವರ ಹತ್ತಿರ ಮಾತಾಡೋದಿದೆ," ಎಂದು ಅವಳೂ ನಡೆದಳು. ಹಿಂದೆಯೇ ಕೊಳಲಿನವರು, ಕಹಳೆಯವರು, ಭಾನುವಾರ ಚರ್ಚಿಗೂ ಹೋಗದ ಡ್ರಮ್ಮಿನವನು, ಒಬ್ಬೊಬ್ಬರಾಗಿ ಎಲ್ಲರೂ. ಕೆಲವರು ಮಸೀದಿಯೊಳಗೆ, ಉಳಿದವರು ಅಂಗಳದ ಮಾವಿನ ಮರದಡಿ ಕೈಕಟ್ಟಿಕೊಂಡು ನಿಂತರು. ಒಳಗೆ ಪೆಟ್ಟಿಗೆ ಖಾಲಿ ಕುರ್ಚಿಗಳಿಗೆ ಬಾರಿಸಿತು, ಸ್ವರ ನಡುಗಿಸಿತು, ನಿಂತಿತು. ಬ್ರಿಟೊ ಕೋಲು ಎತ್ತಿಕೊಂಡು ಯಾರೂ ಇಲ್ಲದ ಕಡೆ ನೋಡುತ್ತಾ ನಿಂತ.

ಓರೆದೋಲಾ ಏಳುತ್ತಾರೆ. ಕೈಚೀಲವನ್ನು ನನ್ನ ಮಡಿಲಿಗೆ ಹಾಕುತ್ತಾರೆ. "ಆ ಡಬ್ಬಿ ಒಂಚೂರು ಕೆಳಗಿಡಪ್ಪ, ಪಿಯಾನೊಗೆ ಉಸಿರು ಕಟ್ಟುತ್ತೆ," ಎನ್ನುತ್ತಾರೆ ಬ್ರಿಟೊಗೆ. ಆಡಳಿತಾಧಿಕಾರಿ, "ಆಂಟಿ, ಇದು ಸರಿಯಲ್ಲ," ಎನ್ನುತ್ತಾರೆ. "ಸರಿ ಅಲ್ವಾ? ಇಪ್ಪತ್ತು ವರ್ಷ ಅವರಿವರ ಹಾಗೆ ಬಾರಿಸಿದ್ದು ಸರಿ ಇತ್ತಾ? ಬಾಯಿ ಮುಚ್ಕೊಂಡು ಕೂತ್ಕೊ, ನಮ್ಮ ಜನ ಪ್ರಾರ್ಥನೇಲಿ ಇದ್ದಾರೆ!" ನಾನು ಅವರ ದನಿ ಏರಿದ್ದನ್ನು ಕೇಳಿದ್ದು ಅದೇ ಮೊದಲು. ಆಡಳಿತಾಧಿಕಾರಿ ಕೂತೇಬಿಟ್ಟರು.

ಓರೆದೋಲಾ ಒಂಟಿ ಜಾಗದಿಂದಲೇ ಬಾರಿಸತೊಡಗುತ್ತಾರೆ. ವೆರ್ಹಾಗನ್ನಿನ ನಿಧಾನ ಎಲ್ಲಿ ಹೋಯಿತೋ! ಅಂಗಳದಲ್ಲಿ ನಿಂತವರು ತಲೆಯೆತ್ತುತ್ತಾರೆ. ಕಡಲೆಕಾಯಿ ಮಾರುವವಳು ಬುಟ್ಟಿಯ ಸಮೇತ ಕಿಟಕಿಗೆ ಬರುತ್ತಾಳೆ. ಒಬ್ಬೊಬ್ಬರಾಗಿ ವಾದಕರು ಒಳಗೆ ಬಂದು ಕೂರುತ್ತಾರೆ, ಕಾಯುತ್ತಾರೆ. ಕೊನೆಗೆ ಪಾ ಫೊದೇ. ಅವರು ಆ ದಿನ ಬೇಕೆಂತಲೇ ಇನ್ನಷ್ಟು ನಿಧಾನವಾಗಿ ನಡೆದರೆಂದು ನನ್ನ ಗುಮಾನಿ. ಕಮಾನು ಏಳುತ್ತದೆ, ಗಲ್ಲ ಏಳುತ್ತದೆ, ನಲವತ್ತು ಜನ ಒಂದೇ ಏಟಿಗೆ ಧುಮುಕುತ್ತಾರೆ. ನನ್ನ ಕಣ್ಣು ತುಂಬಿದ್ದನ್ನು ಮುಚ್ಚಿಡುವುದೇಕೆ?

ಬ್ರಿಟೊ ಏನೋ ತಿದ್ದಬೇಕೆಂದು ಕೋಲು ಕುಟ್ಟುತ್ತಾನೆ. ಯಾರೂ ನಿಲ್ಲಿಸುವುದಿಲ್ಲ. ಮೊದಲ ಭಾಗ ಮುಗಿದು, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಿಧಾನದ ಭಾಗ ಶುರುವಾಗುತ್ತದೆ. ಅವನು ಇನ್ನೊಮ್ಮೆ ಕುಟ್ಟುತ್ತಾನೆ, ಆಮೇಲೆ ಕೋಲನ್ನು ಜೇಬಿಗಿಟ್ಟುಕೊಂಡು ಆ ಕರಿ ಪೆಟ್ಟಿಗೆಯ ಮೇಲೆಯೇ ಕೂತು ಕೇಳುತ್ತಾನೆ. ಕೊನೆಯ ಭಾಗದಲ್ಲಿ ಓರೆದೋಲಾ ಎರಡು ಮೂರು ಕಡೆ ಎಡವುತ್ತಾರೆ. ಎಡವಿದಾಗೆಲ್ಲ ಯೂನಿಸಳ ಪಿಟೀಲು ಕೈಹಿಡಿದು ಎತ್ತುತ್ತದೆ. ನಿಲ್ಲಿಸುವವರು ಯಾರೂ ಇಲ್ಲ. ಕೊನೆಯ ಸ್ವರ ಎಲ್ಲರೂ ಕೂಡಿ ಹೊಡೆದಾಗ ಕಿಟಕಿಯಲ್ಲಿ, ಬಾಗಿಲಲ್ಲಿ, ಮಸೀದಿಯ ಗೋಡೆಯ ಮೇಲೆ ನಿಂತಿದ್ದ ಜನ ಕೂಗಿಕೊಂಡ ಸದ್ದಿಗೆ ಆಡಳಿತಾಧಿಕಾರಿ ಫೋನಿನಲ್ಲಿ ಏನು ದೂರು ಹೇಳುತ್ತಿದ್ದರೋ ಅದು ನನಗೆ ಕೇಳಿಸಲಿಲ್ಲ.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಸೋಮವಾರದ ಆಜ್ಞೆ ರದ್ದಾಗಿಲ್ಲ. ಡಿಸೆಂಬರಿನ ಪೋಸ್ಟರುಗಳಲ್ಲಿ ವೆರ್ಹಾಗನ್ನಿನ ಮುಖ ಮಾತ್ರ ಇದೆ, ಒಂದೊಂದು ಮೂಗೂ ಪೋಡಾ-ಪೋಡಾ ವ್ಯಾನಿನಷ್ಟಿದೆ. ವಾದಕರು ಆ ಪೆಟ್ಟಿಗೆಯ ಜೊತೆ ಬಾರಿಸುವುದಿಲ್ಲ ಎಂದು ಒಕ್ಕೊರಲಿನಿಂದ ಹೇಳಿದ್ದಾರೆ. ಮೇಲಿನವರು ಏನು ಮಾಡುತ್ತಾರೋ ನೋಡಬೇಕು. ನಾನಂತೂ ಸೋಮವಾರ ಅಲ್ಲಿರುತ್ತೇನೆ, ನೀವೂ ಬನ್ನಿ.

ಅಂದು ಎಲ್ಲರೂ ಅಪ್ಪಿಕೊಂಡು, ಅತ್ತು, ಗೇಲಿ ಮಾಡಿ ಹೋದ ಮೇಲೆ ಓರೆದೋಲಾ ಪಿಯಾನೊದ ಮುಂದೆಯೇ ಕೂತಿದ್ದರು. ಕೈಚೀಲ ಕೊಡಲು ಹೋದೆ. ಅವರು ಕೊನೆಯ ಪುಟವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಹೇಗಿತ್ತು ಎಂದು ಕೇಳಿದೆ.

"ಕೊನೇದು ಇಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣ್ರೀ," ಎಂದರು. "ಇಷ್ಟು ವರ್ಷ ಇದನ್ನ ಅವರಿವರಿಗೆ ಬಿಟ್ಟುಕೊಟ್ಟು ಕೂತಿದ್ದೆನಲ್ಲ ನಾನು!"